ಕಿಂಡಿಯಾಚೆಯ ಕೈ

ಹಾಲ್‌ನಲ್ಲಿದ್ದ ಫ್ರಿಜ್ಜನ್ನು ಎಳೆದಾಗ ಅದರ ಹಿಂದಿನಿಂದ ಮೊದಲು ಹೊರಬಿದ್ದದ್ದು ಎರಡು ಜಿರಲೆ, ಆಮೇಲೆ ಒಂದು ಹಳೆಯ ಕ್ಯಾಲೆಂಡರು, ಆಮೇಲೆ ಕಾಫಿಯ ವಾಸನೆ. ಈಗಷ್ಟೇ ಇಳಿಸಿದ ಡಿಕಾಕ್ಷನ್ನಿನ ವಾಸನೆಯಲ್ಲ. ವರ್ಷಗಟ್ಟಲೆ ಚೆಲ್ಲಿದ್ದನ್ನು ಮರ ಕುಡಿದಿಟ್ಟುಕೊಂಡು, ಯಾರೋ ಮುಟ್ಟಿದ ಕೂಡಲೇ ಸುಣ್ಣದ ಧೂಳಿನ ಜೊತೆ ಉಸಿರು ಬಿಟ್ಟಂಥದ್ದು. ಕ್ಯಾಲೆಂಡರು ನೇತಾಡುತ್ತಿದ್ದ ಜಾಗದಲ್ಲಿ ಒಂದು ಕಿಂಡಿ. ಎರಡು ಪುಟ್ಟ ಮರದ ಬಾಗಿಲು, ಕೆಳಗೆ ಗೇಣಗಲದ ಹಲಗೆ, ಹಲಗೆಯ ಮೇಲೆ ಒಂದರ ಮೇಲೊಂದು ಬಿದ್ದ ಲೋಟದ ತಳದ ಉಂಗುರ ಕಲೆಗಳು.

ಎಂಜಿನಿಯರ್ ಸೆಲ್ವಂ ಆ ಕಿಂಡಿಯನ್ನು ನೋಡಿಯೂ ನೋಡದವರ ಹಾಗೆ ಟೇಪು ಎಳೆದರು. "ತಂಬಿ, ಇಂದ ಸೆವುರು ವೇಣುಮಾ, ವೇಂಡಾಮಾ?" ಈ ಗೋಡೆ ಬೇಕೋ ಬೇಡವೋ ಎಂದು ಅವರು ಕೇಳುತ್ತಿದ್ದದ್ದು ಅದು ಮೂರನೆಯ ಸಲ. ಅವರ ಕಾಗದದಲ್ಲಿ ಹಾಲ್‌ಗೂ ಅಡುಗೆಮನೆಗೂ ನಡುವಿನ ಗೋಡೆ ಆಗಲೇ ಇಲ್ಲ. ಅದಿದ್ದಲ್ಲಿ ಒಂದು ಕಟ್ಟೆ, ಕಟ್ಟೆಯ ಮುಂದೆ ಎರಡು ಎತ್ತರದ ಸ್ಟೂಲು, ಅದರ ಹೆಸರು ಓಪನ್ ಕಿಚನ್. ಒಡೆಯುವವರು ಬೆಳಗ್ಗೆ ಬರುತ್ತಾರೆ, ಅಷ್ಟರೊಳಗೆ ಫೋನ್ ಮಾಡಿ ಹೇಳಿ ಎಂದು ಹೆಲ್ಮೆಟ್ ಏರಿಸಿಕೊಂಡು ಹೊರಟರು.

ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಆ ನಕ್ಷೆಗೆ ಎಲ್ಲರೂ ಹೆಬ್ಬೆರಳು ಎತ್ತಿಯಾಗಿತ್ತು. ನಾನು ಮಾತ್ರ ಸೆಲ್ವಂ ಅವರ ಸ್ವರದಲ್ಲಿ ಒಂದು ವಾಯ್ಸ್ ಮೆಸೇಜ್ ಹಾಕಿದ್ದೆ. ಎಲ್ಲರೂ ನಕ್ಕರು. ನಾನು ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ ಎನ್ನುವುದು ಯಾರಿಗೂ ಹೊಳೆಯಲಿಲ್ಲ. ನನ್ನ ಕಸುಬಿನ ಲಾಭ ಇದು. ನಗಿಸುವವನನ್ನು ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ.

ಚೆನ್ನೈನ ಪುರಸೈವಾಕ್ಕಂನಲ್ಲಿರುವ ನಮ್ಮ ಮನೆ ರೈಲು ಡಬ್ಬಿಯ ಹಾಗೆ: ಅಗಲವಿಲ್ಲ, ಉದ್ದ ಮಾತ್ರ. ರಿಪೇರಿ ಮುಗಿಯುವವರೆಗೆ ಅಪ್ಪ ಅಮ್ಮ ಪೋರೂರಿನಲ್ಲಿ ಅಕ್ಕನ ಮನೆಯಲ್ಲಿದ್ದಾರೆ. ಸಿಮೆಂಟ್ ಮೂಟೆಗಳಿಗೆ ಯಾರಾದರೂ ಕಾವಲು ಬೇಕಲ್ಲ, ಅದಕ್ಕೆ ನಾನು. ಮಿಮಿಕ್ರಿ ಮಾಡುವವನು ಒಬ್ಬನೇ ಇರುವುದೆಂದರೆ ಗಿರಾಕಿಯಿಲ್ಲದ ಸಲೂನಿನ ಹಾಗೆ. ಕತ್ತರಿ ಸುಮ್ಮನೆ ಗಾಳಿಯಲ್ಲಿ ಆಡುತ್ತಿರುತ್ತದೆ. ಮೊದಲ ದಿನ ಮೂಟೆಗಳ ಮುಂದೆ ಅಪ್ಪನಾದೆ, ಎರಡನೇ ದಿನ ಅಕ್ಕ, ಮೂರನೇ ದಿನ ಕೆಳಬೀದಿಯ ಇಸ್ತ್ರಿಯವರು. ನಾಲ್ಕನೇ ದಿನ ಯಾರಾಗಲೂ ಮನಸ್ಸಾಗದೆ ಸುಮ್ಮನೆ ಕುಳಿತಾಗ, ಸುಮ್ಮನೆ ಕೂರುವುದನ್ನು ನಾನು ಎಂದೂ ಕಲಿತೇ ಇಲ್ಲ ಎಂದು ಗೊತ್ತಾಯಿತು. ನಿಮಗೆ ಹೇಳಬಾರದು, ಆದರೂ ಹೇಳುತ್ತೇನೆ: ಹತ್ತು ವರ್ಷದ ಗೆಳೆಯನಿಗೆ ನನ್ನ ಸ್ವಂತ ಸ್ವರದಲ್ಲಿ ಫೋನ್ ಮಾಡಿದರೆ, "ಇದು ಯಾರ ಸ್ವರ ಮಚ್ಚಾ, ಗೊತ್ತಾಗ್ಲಿಲ್ಲ" ಅನ್ನುತ್ತಾನೆ.

ಆ ಕಿಂಡಿಯನ್ನು ಮಾಡಿಸಿದ್ದು ಅಜ್ಜಯ್ಯ. ಕುಂದಾಪುರದ ಕಡೆಯಿಂದ ಹದಿನಾಲ್ಕನೇ ವಯಸ್ಸಿಗೆ ಬಂದು, ಇಲ್ಲಿಯ ಒಂದು ಹೋಟೆಲಿನಲ್ಲಿ ಸಪ್ಲೈಯರ್ ಆಗಿ ಸೇರಿದವರು. ಆ ಕಾಲದ ಹೋಟೆಲಿನಲ್ಲಿ ಸಪ್ಲೈಯರು ಅಡುಗೆಮನೆಯ ಹೊಸಿಲು ದಾಟುವಂತಿರಲಿಲ್ಲವಂತೆ. ಕಿಂಡಿಯ ಹೊರಗೆ ನಿಂತು ಕೂಗಬೇಕು. ಒಳಗಿನ ಅಡುಗೆಯ ಭಟ್ಟರು ಆ ಕೂಗನ್ನೇ ತಿರುಗಿ ಹೇಳಬೇಕು. ತಿರುಗಿ ಹೇಳದಿದ್ದರೆ ಒಳಗೆ ಮುಟ್ಟಿಲ್ಲ ಎಂದು ಅರ್ಥ, ಮತ್ತೆ ಕೂಗಬೇಕು. ನಲವತ್ತು ವರ್ಷ ಹೀಗೆ ಕೂಗಿದ ಮನುಷ್ಯನಿಗೆ ಸ್ವಂತ ಮನೆ ಕಟ್ಟಿಸುವಾಗ ಹೆಂಡತಿಯ ಹತ್ತಿರ ಹೋಗಿ, ಸ್ವಲ್ಪ ಕಾಫಿ ಕೊಡ್ತೀಯಾ ಎಂದು ಮೆಲ್ಲಗೆ ಕೇಳುವ ದಾರಿಯೇ ಹೊಳೆಯಲಿಲ್ಲವೋ ಏನೋ. ಗೋಡೆಗೆ ಕಿಂಡಿ ಇಡಿಸಿದರು. ಕಿಂಡಿಯ ಕೆಳಗೆ ಒಂದು ಬೆಂಚು ಹಾಕಿಸಿದರು. ಊರಿನಿಂದ ಕರೆತಂದ ಹೆಂಡತಿಗೆ, ಅಂದರೆ ನನ್ನ ಅಮ್ಮಮ್ಮನಿಗೆ, ತಿರುಗಿ ಹೇಳುವುದನ್ನು ಕಲಿಸಿದರು.

ಮಧ್ಯಾಹ್ನ ಮೂರು ಗಂಟೆಗೆ ಅಜ್ಜಯ್ಯ ಬೆಂಚಿನ ಮೇಲೆ ಕುಳಿತು, ಬಲಗೈಯನ್ನು ಹಲಗೆಯ ಮೇಲಿಟ್ಟು, ಗಂಟಲು ಸರಿಮಾಡಿಕೊಂಡು ಕೂಗುತ್ತಿದ್ದರು. "ಒಂದ್ ಕಾಫೀ... ಸ್ಟ್ರಾಂಗ್... ಸಕ್ಕರೆ ಕಮ್ಮಿ." ಕೊನೆಗೊಂದು ಸಣ್ಣ ಕೆಮ್ಮು, ಎರಡು ಬೆರಳಿನಿಂದ ಹಲಗೆಯ ಮೇಲೆ ಟಕ್ ಟಕ್. ಒಳಗಿನಿಂದ ಅಮ್ಮಮ್ಮ, ಏರಿಳಿತವೇ ಇಲ್ಲದೆ: "ಒಂದ್ ಸ್ಟ್ರಾಂಗ್, ಸಕ್ಕರೆ ಕಮ್ಮಿ." ಮನೆಯಲ್ಲಿ ಇದ್ದದ್ದು ಒಬ್ಬನೇ ಗಿರಾಕಿ, ಒಂದೇ ಬಗೆಯ ಕಾಫಿ. ಆದರೂ ಒಂದು ದಿನವೂ ಕೂಗು ತಪ್ಪಲಿಲ್ಲ, ಮರುಕೂಗು ತಪ್ಪಲಿಲ್ಲ. ದಾಂಪತ್ಯವೆಂದರೆ ಇಷ್ಟೇ ಎಂದು ನಾನು ತುಂಬಾ ದೊಡ್ಡವನಾಗುವವರೆಗೆ ತಿಳಿದಿದ್ದೆ. ಈಗಲೂ ಇದಕ್ಕಿಂತ ಹೆಚ್ಚು ಗೊತ್ತಿದೆ ಎಂದೇನಲ್ಲ, ನನ್ನ ಮದುವೆ ಇನ್ನೂ ಆಗಿಲ್ಲ.

ನನ್ನ ಮೊದಲ ಮಿಮಿಕ್ರಿ ಆ ಕಿಂಡಿಯಲ್ಲೇ ನಡೆದದ್ದು. ಒಂಬತ್ತು ವರ್ಷವಿರಬೇಕು. ಮಕ್ಕಳಿಗೆ ಕಾಫಿ ಇಲ್ಲ, ಹಾಲು ಮಾತ್ರ. ಅಜ್ಜಯ್ಯ ಹೊರಗೆ ಹೋಗಿದ್ದ ಒಂದು ಮಧ್ಯಾಹ್ನ ಬೆಂಚಿನ ಮೇಲೆ ಕುಳಿತು, ಹಲಗೆಯ ಮೇಲೆ ಕೈಯಿಟ್ಟು, ಗಂಟಲನ್ನು ಹೊಟ್ಟೆಯೊಳಗೆ ಇಳಿಸಿ ಕೂಗಿದೆ. ಒಳಗಿನಿಂದ ಮರುಕೂಗು ಬಂತು. ಹಿಂದೆಯೇ ಹಬೆಯಾಡುವ ಕಾಫಿಯ ಡಬರಾ ಬಂತು. ನನ್ನ ಪ್ರತಿಭೆಗೆ ನಾನೇ ಬೆರಗಾದೆ. ಅಲ್ಲಿಂದ ವಾರಕ್ಕೆ ಎರಡು ಸಲವಾದರೂ ಅಜ್ಜಯ್ಯನಾದೆ. ಒಂದೇ ಬೇಸರ ಎಂದರೆ, ಸ್ಟ್ರಾಂಗ್ ಎಂದು ಕೂಗಿದರೂ ಕಾಫಿಯಲ್ಲಿ ಮುಕ್ಕಾಲು ಪಾಲು ಹಾಲಿರುತ್ತಿತ್ತು. ಸಕ್ಕರೆ ಕಮ್ಮಿ ಎಂದರೂ ಪಾಯಸದಷ್ಟು ಸಿಹಿ. ಅಮ್ಮಮ್ಮನಿಗೆ ವಯಸ್ಸಾಯಿತು, ಕೈ ತಪ್ಪುತ್ತಿದೆ ಎಂದು ನಾನು ಗಂಭೀರವಾಗಿ ಕನಿಕರಪಡುತ್ತಿದ್ದೆ.

ನಾನು ಕಾಲೇಜು ಸೇರಿದ ವರ್ಷ ಅಜ್ಜಯ್ಯ ಹೋದರು. ಎರಡು ತಿಂಗಳ ನಂತರ, ಬಂದ ನೆಂಟರೆಲ್ಲ ಹೋಗಿ ಮನೆ ಖಾಲಿಯಾದ ಮೇಲೆ, ಒಂದು ಮಧ್ಯಾಹ್ನ ಅಮ್ಮಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಅವರಾಗಿಯೇ ಏನನ್ನೂ ಕೇಳುವವರಲ್ಲ.

"ಮಾಣಿ, ಒಂದ್ ಸಲ ಅಜ್ಜಯ್ಯನ ಹಾಂಗೆ ಕೂಗ್ ಕಾಂಬ."

ಕೂಗು ನೋಡೋಣ ಎಂದಷ್ಟೇ ಹೇಳಿ ಒಳಗೆ ಹೋಗಿ ಒಲೆಯ ಮುಂದೆ ನಿಂತರು. ನನಗೆ ಆದದ್ದು ದುಃಖವಲ್ಲ, ನಿಜ ಹೇಳುತ್ತೇನೆ, ಹೆಮ್ಮೆ. ಬೆಂಚಿನ ಮೇಲೆ ಕುಳಿತು, ಕೈಯಿಟ್ಟು, ಒಂದನ್ನೂ ಬಿಡದೆ ಮಾಡಿದೆ. ಎಳೆದ ಕಾಫೀ, ನಿಧಾನದ ಸ್ಟ್ರಾಂಗ್, ಕೊನೆಯ ಕೆಮ್ಮು. ಕೊನೆಯ ತಿಂಗಳುಗಳಲ್ಲಿ ಆ ಕೆಮ್ಮು ಹೇಗೆ ಬದಲಾಗಿತ್ತೋ ಹಾಗೆಯೇ. ಟಕ್ ಟಕ್.

ಮರುಕೂಗು ಬರಲಿಲ್ಲ. ಕಾದೆ. ಕಿಂಡಿಯ ಬಾಗಿಲುಗಳು ಒಳಗಿನಿಂದ ಮುಚ್ಚಿಕೊಂಡವು, ಚಿಲಕ ಬಿತ್ತು. ಸ್ವಲ್ಪ ಹೊತ್ತಿನ ಮೇಲೆ ಅಮ್ಮಮ್ಮ ಬಾಗಿಲ ಕಡೆಯಿಂದ ಸುತ್ತಿಬಂದು ಡಬರಾವನ್ನು ನನ್ನ ಕೈಗೆ ಕೊಟ್ಟು ಹೋದರು. ಒಂದು ವಾರದಲ್ಲಿ ಕಿಂಡಿಯ ಮೇಲೆ ಕ್ಯಾಲೆಂಡರು ಬಂತು, ಬೆಂಚು ಹಿತ್ತಲಿಗೆ ಹೋಯಿತು, ಆ ಜಾಗಕ್ಕೆ ಫ್ರಿಜ್ಜು ಬಂತು. ನಾನು ಮತ್ತೆಂದೂ ಅಜ್ಜಯ್ಯನ ಸ್ವರ ಎತ್ತಲಿಲ್ಲ. ಕೆಮ್ಮಬಾರದಿತ್ತು ಎಂದು ಎಷ್ಟು ಸಲ ಅಂದುಕೊಂಡಿದ್ದೇನೆಂದರೆ, ಆ ಒಂದು ಕೆಮ್ಮನ್ನು ಹಿಂದಕ್ಕೆ ತೆಗೆದುಕೊಳ್ಳಲು ಸಾಧ್ಯವಿದ್ದರೆ ಉಳಿದ ಸ್ವರಗಳನ್ನೆಲ್ಲ ಬಿಟ್ಟುಕೊಡುತ್ತಿದ್ದೆ. ಕಿಂಡಿ ಯಾಕೆ ಮುಚ್ಚಿದಿರಿ ಎಂದು ಅಮ್ಮಮ್ಮನನ್ನು ಕೇಳಿಬಿಡೋಣ ಎಂದುಕೊಳ್ಳುತ್ತಲೇ ವರ್ಷಗಳು ಹೋದವು. ಮೂರು ವರ್ಷದ ಹಿಂದೆ ಅಮ್ಮಮ್ಮನೂ ಹೋದರು.

ಈಗ ಗೋಡೆಯ ಮಾತಿಗೆ ನಾನು ಯಾಕೆ ಹೆಬ್ಬೆರಳು ಎತ್ತಲಿಲ್ಲ ಎಂದು ನಿಮಗೆ ತಿಳಿದಿರಬೇಕು. ಗೋಡೆ ಹೋದರೆ ಕಿಂಡಿ ಹೋಗುತ್ತದೆ. ಕಿಂಡಿ ಹೋದರೆ, ನಾನು ಕೇಳದೆ ಉಳಿದದ್ದನ್ನು ಕೇಳುವ ಜಾಗವೂ ಹೋಗುತ್ತದೆ.

ಎಂಜಿನಿಯರ್ ಹೋದ ಮೇಲೆ ಅಮ್ಮ ಪೋರೂರಿನಿಂದ ಬಸ್ಸು ಹತ್ತಿ ಬಂದರು, ನನಗೆ ಊಟದ ಡಬ್ಬಿ ಹಿಡಿದುಕೊಂಡು. ಕಿಂಡಿಯ ಮುಂದೆ ನಿಂತರು. ಗೋಡೆ ಇರಲಿ ಎಂದು ನಾನು ಮೆಲ್ಲಗೆ ಅಂದೆ. ನೆನಪು, ಅಜ್ಜಯ್ಯ, ಹಳೇ ಕಾಲ ಎಂದು ಏನೇನೋ ಸೇರಿಸಿದೆ. ಅಮ್ಮ ಡಬ್ಬಿಯನ್ನು ಮೂಟೆಯ ಮೇಲಿಟ್ಟು, ಬಾ ಎಂದು ನನ್ನನ್ನು ಅಡುಗೆಮನೆಯೊಳಗೆ ಕರೆದುಕೊಂಡು ಹೋಗಿ, ಒಲೆ ಇದ್ದ ಜಾಗದಲ್ಲಿ ನಿಲ್ಲಿಸಿದರು. ಕಿಂಡಿಯ ಚಿಲಕವನ್ನು ಕುಟ್ಟಿ ಕುಟ್ಟಿ ತೆಗೆದರು.

"ಎಂತ ಕಾಣ್ತದೆ ಹೇಳು."

ಕೂತವರ ಕೈಗೆ ಎಟುಕಲಿ ಎಂದು ತಗ್ಗಿಗೆ ಇಟ್ಟ ಕಿಂಡಿ. ನಿಂತವನಿಗೆ ಅದರಲ್ಲಿ ಹಲಗೆಯೊಂದೇ ಕಂಡಿತು.

"ಹಲಗೆ," ಎಂದೆ.

"ಅಷ್ಟೇ. ನಾನೂ ನಿನ್ನ ಅಮ್ಮಮ್ಮನೂ ಇಷ್ಟ್ ವರ್ಷ ಕಂಡದ್ದೂ ಅಷ್ಟೇ. ಯಾರ ಮುಖವೂ ಇಲ್ಲ, ಕೈ ಮಾತ್ರ. ಬಾಲ್‌ಪೆನ್ನಲ್ಲಿ ವಾಚ್ ಬರ್ಕೊಂಡ ಕೈಗೆ ಅವ್ರು ಸ್ಟ್ರಾಂಗ್ ಕಾಫಿ ಕೊಡ್ತಾರಾ? ಹಾಲೇ ಜಾಸ್ತಿ ಹಾಕಿ ಕೊಡ್ತಿದ್ರು. ನೀ ಏನೋ ದೊಡ್ಡ ಆರ್ಟಿಸ್ಟ್ ಅಂದ್ಕೊಂಡಿದ್ದಿ."

ಅಷ್ಟು ವರ್ಷ ಹೊತ್ತ ನನ್ನ ಪ್ರತಿಭೆ ಆ ಹಲಗೆಯ ಮೇಲೆ ಸದ್ದಿಲ್ಲದೆ ಉದುರಿತು. ನಾನು ಆ ಮಧ್ಯಾಹ್ನದ ಮಾತೆತ್ತಿದೆ. ಕೆಮ್ಮಿದ್ದು ತಪ್ಪಾಯಿತು ಎಂದೆ. ಅಮ್ಮ ಸೀರೆಯ ಸೆರಗಿನಿಂದ ಹಲಗೆಯ ಧೂಳು ಒರೆಸುತ್ತಿದ್ದರು.

"ಕೆಮ್ಮು ಅಲ್ಲ ಮಾರಾಯ. ನನ್ ಹತ್ರ ಹೇಳಿದ್ರು ಅವತ್ತು. ಸ್ವರ ಅವರದ್ದೇ ಇತ್ತು, ಕೈ ಮಾಣಿದು. ಅದನ್ನು ಕಾಂಬುಕೆ ಆಗ್ಲಿಲ್ಲ ಅಂತ."

ಐದು ಗಂಟೆಯ ಮೇಲೆ ರಷ್ಷು ಎಂದು ಅಮ್ಮ ಬೇಗ ಹೊರಟರು. ಗೋಡೆ ನಿನ್ನಿಷ್ಟ ಎಂದು ಬಾಗಿಲಲ್ಲಿ ಹೇಳಿದರು. ನಿನ್ನಿಷ್ಟ ಎನ್ನುವವರ ಇಷ್ಟವೇನೆಂದು ಮಿಮಿಕ್ರಿ ಮಾಡುವವನಿಗೆ ಗೊತ್ತಾಗದೆ ಇರುತ್ತದೆಯೇ.

ಮತ್ತೆ ಒಳಗೆ ಹೋಗಿ ಅದೇ ಜಾಗದಲ್ಲಿ ನಿಂತೆ. ಕಿಂಡಿಯಾಚೆ ಹಲಗೆ, ಹಲಗೆಯ ಮೇಲೆ ಉಂಗುರಗಳು, ಯಾರ ಕೈಯೂ ಇಲ್ಲ. ಬಾಕಿ ಉಳಿದ ಮರುಕೂಗನ್ನು ಅಮ್ಮಮ್ಮನ ಸ್ವರದಲ್ಲಿ ಹೇಳಿ ಮುಗಿಸೋಣ ಅನ್ನಿಸಿತು. ಬಾಯಿ ತೆರೆದೆ. ಬರಲಿಲ್ಲ. ಇನ್ನೊಮ್ಮೆ ತೆರೆದೆ. ಬೀದಿಯಲ್ಲಿ ಒಮ್ಮೆ ಕಂಡವರ ಸ್ವರವನ್ನು ಕೂಡ ಹಿಡಿದಿಟ್ಟುಕೊಳ್ಳುವ ನಾನು, ಇಪ್ಪತ್ತು ವರ್ಷಕ್ಕೂ ಮಿಕ್ಕಿ ಜೊತೆಗಿದ್ದವರ ಸ್ವರವನ್ನು ಕಲಿತೇ ಇರಲಿಲ್ಲ. ಅವರು ಆಡುತ್ತಿದ್ದದ್ದು ಯಾವಾಗಲೂ ಬೇರೆಯವರು ಕೂಗಿದ ಮಾತು. ತಮಗಾಗಿ ಕೇಳಿದ್ದು ನನಗೆ ಗೊತ್ತಿದ್ದ ಹಾಗೆ ಒಂದೇ ಸಲ, ಅದೂ ನನ್ನ ಹತ್ತಿರ.

ಕೊನೆಗೆ ಹೇಗೆ ಬಂತೋ ಹಾಗೆ ಹೇಳಿದೆ. "ಒಂದ್ ಸ್ಟ್ರಾಂಗ್, ಸಕ್ಕರೆ ಕಮ್ಮಿ." ಖಾಲಿ ಮನೆಯಲ್ಲಿ ಅದು ಯಾರ ಸ್ವರದ ಹಾಗೂ ಕೇಳಿಸಲಿಲ್ಲ. ಸ್ವಲ್ಪ ಒಡಕು, ಸ್ವಲ್ಪ ಮೂಗು.

ಅದೇ ಸ್ವರದಲ್ಲಿ ಎಂಜಿನಿಯರಿಗೆ ಫೋನ್ ಮಾಡಿದೆ. ಗೋಡೆ ಬೇಡ, ಒಡೆದುಬಿಡಿ. ಆ ಹಲಗೆಯನ್ನು ಮಾತ್ರ ಹೊಸ ಕಟ್ಟೆಗೆ ಕೂರಿಸಿ, ನಿಂತವರಿಗೂ ಕೂತವರಿಗೂ ಮುಖ ಕಾಣುವಷ್ಟು ಎತ್ತರದಲ್ಲಿ ಎಂದೆ. ಆ ಕಡೆ ಗಾಡಿಗಳ ಸದ್ದು. ಮಾತಾಡುತ್ತಿರುವುದು ಯಾರು ಎಂದು ಸೆಲ್ವಂ ಕೇಳಿದರು, "ಸರಿ, ಯಾರ್ ಪೇಸುರದು?"

"ನಾನೇ," ಎಂದೆ.