ಕೋಟಿ ಸಂಬಳದ ಉಳಿತಾಯ

ತಿಂಗಳಿಗೆ ಎರಡು ಕೋಟಿಗೂ ಮೇಲೆ ಸಂಬಳ ತೆಗೆದುಕೊಳ್ಳುತ್ತಿದ್ದವಳು ನಾನು ಎಂದರೆ ನೀವು ನನ್ನ ಚಪ್ಪಲಿ ನೋಡಿ ನಗುತ್ತೀರಿ. ನಗಿ, ಅಡ್ಡಿಯಿಲ್ಲ. ಆದರೆ ಮಾತು ಸುಳ್ಳಲ್ಲ. ವಿಯೆಟ್ನಾಮಿನಲ್ಲಿ ಹಣಕ್ಕೆ ಡಾಂಗ್ ಎನ್ನುತ್ತಾರೆ. ನಮ್ಮ ಒಂದು ರೂಪಾಯಿಗೆ ಅಲ್ಲಿ ನೂರಾರು ಡಾಂಗ್. ಒಂದು ಲೋಟ ಕಾಫಿಗೆ ಇಪ್ಪತ್ತು ಸಾವಿರ, ಒಂದು ಜೊತೆ ಚಪ್ಪಲಿಗೆ ಒಂದೆರಡು ಲಕ್ಷ. ಅಂಥ ಊರಿನಲ್ಲಿ ಇಂಗ್ಲಿಷ್ ಮೇಡಂಗೆ ಕೋಟಿ ಬಂದರೆ ಅದರಲ್ಲಿ ಆಶ್ಚರ್ಯವೇನಿದೆ?

ಅದಕ್ಕೆ ಮುಂಚೆ ನಾನು ಸಾಗರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಅತಿಥಿ ಎಂದರೆ ತಿಥಿ ಇಲ್ಲದವನು, ಯಾವ ದಿನ ಬರುತ್ತಾನೆಂದು ಹೇಳಲಾಗದವನು ಎಂದು ಬಲ್ಲವರು ಅರ್ಥ ಬಿಡಿಸುತ್ತಾರೆ. ನಾವಂತೂ ದಿನವೂ ಬೆಲ್ ಹೊಡೆಯುವ ಮೊದಲೇ ಬಂದು ಕೂರುತ್ತಿದ್ದೆವು. ಬರುವ ತಿಥಿ ಗೊತ್ತಿರದಿದ್ದದ್ದು ಸಂಬಳದ್ದು ಮಾತ್ರ.

ಆಗ ಅಮ್ಮ ಹೊಸನಗರದ ಒಂದು ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಹಿಡಿದ ಸೌಟು ಅದು. ಅವಳಿಗೆ ಇದ್ದದ್ದು ಒಂದೇ ಆಸೆ, ಬಸ್ ಸ್ಟ್ಯಾಂಡಿನ ಹತ್ತಿರ ತನ್ನದೇ ಒಂದು ಊಟದ ಮೆಸ್. ಹೊಸನಗರಕ್ಕೆ ಬರುವವರಲ್ಲಿ ಅರ್ಧ ಜನ ತಾಲ್ಲೂಕು ಆಫೀಸಿಗೆ ಬರುವವರು. ಬೆಳಗಿನ ಬಸ್ಸಿಗೆ ಇಳಿದು, ಸಾಹೇಬರಿಗೆ ಕಾದು, ಮಧ್ಯಾಹ್ನದ ಬಸ್ಸಿಗೂ ಕಾಯುವವರು.

"ಅವ್ರ ಆಫೀಸಿನ ಕೆಲ್ಸ ಮಾಡ್ಸೋಕೆ ನನ್ನ ಕೈಲಿ ಆಗಲ್ಲ," ಎನ್ನುತ್ತಿದ್ದಳು ಅಮ್ಮ. "ಹೊಟ್ಟೆ ಕೆಲ್ಸ ಆದ್ರೂ ಮುಗ್ಸಿ ಕಳಿಸ್ಬೋದಲ್ಲ."

ಅದಕ್ಕೆ ಬೇಕಾದ ಮಳಿಗೆಯ ಅಡ್ವಾನ್ಸು ಅತಿಥಿ ಉಪನ್ಯಾಸಕಿಯ ಸಂಬಳದಲ್ಲಿ ಹುಟ್ಟುವಂಥದ್ದಲ್ಲ. ಸಹೋದ್ಯೋಗಿಯೊಬ್ಬಳು ವಿಯೆಟ್ನಾಮಿನಲ್ಲಿ ಪಾಠ ಮಾಡಲು ಹೋಗಿದ್ದಳು. ಅವಳು ದಾರಿ ಹೇಳಿಕೊಟ್ಟಳು. ಇಂಗ್ಲಿಷ್ ಕಲಿಸುವುದಕ್ಕೆ ಬೇಕಾದ ಸರ್ಟಿಫಿಕೇಟಿನ ಪರೀಕ್ಷೆ ಪಾಸು ಮಾಡಿ ನಾನೂ ಹೈಫಾಂಗ್ ಎಂಬ ಊರಿಗೆ ಹೋದೆ. ಎರಡು ವರ್ಷ ಪಾಠ ಮಾಡುವುದು, ಉಳಿಸುವುದು, ಅಮ್ಮನಿಗೆ ಮೆಸ್ ಹಾಕಿಕೊಡುವುದು. ಹೇಳುವುದಕ್ಕೆ ಎಷ್ಟು ಸುಲಭ ನೋಡಿ.

ಮೊದಲ ಸಂಬಳ ಬಂದ ದಿನ ಅಮ್ಮನಿಗೆ ಫೋನ್ ಮಾಡಿ ಅಂಕಿಯನ್ನು ಇದ್ದ ಹಾಗೇ ಹೇಳಿಬಿಟ್ಟೆ.

"ಎರಡು ಕೋಟಿಯಾ? ಎಂತದೇ ಮಾರಾಯ್ತಿ, ಸರಿಯಾಗಿ ನೋಡಿ ಹೇಳು!"

ಹಾಸ್ಟೆಲ್ ಅಡುಗೆಮನೆಯಲ್ಲಿ ಫೋನ್ ಸ್ಪೀಕರಿನಲ್ಲಿತ್ತು. ಡಾಂಗಿನ ಕಥೆಯನ್ನು ನಾನು ಬಿಡಿಸಿ ಹೇಳುವಷ್ಟರಲ್ಲಿ ಸುದ್ದಿ ಬಸ್ ಹತ್ತಿ ತೀರ್ಥಹಳ್ಳಿಗೆ ಮುಟ್ಟಿತ್ತು. ಅಲ್ಲಿಂದ ದೂರದ ಸಂಬಂಧಿಕರೊಬ್ಬರು ಫೋನ್ ಮಾಡಿ, ಕಾರು ತೆಗೆಯಬೇಕೆಂದಿದ್ದೇನೆ, ಒಂದು ಹತ್ತು ಲಕ್ಷ ಕೊಟ್ಟರೆ ಉಪಕಾರವಾಗುತ್ತದೆ ಎಂದರು. ಹತ್ತು ಲಕ್ಷ ಡಾಂಗ್ ಧಾರಾಳವಾಗಿ ಕೊಡುತ್ತೇನೆ, ಆದರೆ ಅಷ್ಟರಲ್ಲಿ ಕಾರಿನ ಒಂದು ಟೈರು ಬರಬಹುದು ಎಂದೆ. ಅವರು ಇವತ್ತಿಗೂ ನನ್ನನ್ನು ಜಿಪುಣಿ ಎಂದೇ ತಿಳಿದಿದ್ದಾರೆ.

ಜಿಪುಣತನ ಹಾಗಿರಲಿ, ಮೊದಲ ತಿಂಗಳುಗಳಲ್ಲಿ ನನ್ನ ಕೈ ಸೋರುವ ಮಡಕೆಯಂತಿತ್ತು. ಒಂದರ ಮುಂದೆ ಅಷ್ಟು ಸೊನ್ನೆಗಳಿದ್ದರೆ ಅದು ದುಡ್ಡೆಂದು ಮನಸ್ಸಿಗೆ ಅನ್ನಿಸುವುದೇ ಇಲ್ಲ. ಮೊಟ್ಟೆಯ ನೊರೆ ಹಾಕಿದ ಕಾಫಿ, ಉಪ್ಪು ಹಾಕಿದ ಕಾಫಿ, ತೆಂಗಿನ ಹಾಲಿನ ಕಾಫಿ ಎಂದು ಒಂದೊಂದೇ ಅಂಗಡಿ ಹತ್ತಿಳಿದೆ. ಚಳಿ ಶುರುವಾಯಿತೆಂದು ಒಂದು ಕೋಟು ತೆಗೆದುಕೊಂಡೆ. ಕೋಟಿಗೆ ಹೊಂದುತ್ತದೆಂದು ಶೂ, ಶೂಗೆ ಹೊಂದುತ್ತದೆಂದು ಚೀಲ. ತಿಂಗಳ ಕೊನೆಯಲ್ಲಿ ಮಿಕ್ಕಿದ್ದನ್ನು ಊರಿಗೆ ಕಳಿಸುವುದೆಂದು ತೀರ್ಮಾನವಾಗಿತ್ತು. ತಿಂಗಳ ಕೊನೆ ಏನೋ ತಪ್ಪದೆ ಬರುತ್ತಿತ್ತು, ಮಿಕ್ಕುವುದು ಮಾತ್ರ ಬರುತ್ತಿರಲಿಲ್ಲ.

ಒಂದು ದಿನ ಫೋನಿನಲ್ಲಿ ಹೀಗೇ ಗೋಳು ಹೇಳಿಕೊಳ್ಳುತ್ತಿದ್ದೆ. ಅಮ್ಮ ಅಕ್ಕಿ ತೊಳೆಯುತ್ತಿದ್ದಳು, ನೀರಿನ ಸದ್ದು ಕೇಳುತ್ತಿತ್ತು.

"ತೆಗ್ದಿಡೋದಿದ್ರೆ ಅಕ್ಕಿ ಇರ್ಬೇಕಾದ್ರೇ ತೆಗ್ದಿಡ್ಬೇಕು ಕಣೇ," ಎಂದಳು. "ಅನ್ನ ಆಗಿ, ಎಲ್ಲಾ ಉಂಡು, ಆಮೇಲೆ ಮಿಕ್ಕಿದ್ದು ಎಂತ? ತಂಗಳು."

ದೊಡ್ಡ ದೊಡ್ಡ ಹಣಕಾಸು ತಜ್ಞರು ಮೊಬೈಲಿನಲ್ಲಿ ಇದನ್ನೇ ಅರ್ಧ ಗಂಟೆ ಕೊರೆಯುತ್ತಾರೆ. ಮುಂದಿನ ತಿಂಗಳಿನಿಂದ ಸಂಬಳ ಬಂದ ದಿನವೇ ಕೆಲಸದ ಕಾಗದಪತ್ರಗಳನ್ನೆಲ್ಲ ಕಂಕುಳಲ್ಲಿ ಹಿಡಿದು ಬ್ಯಾಂಕಿಗೆ ಹೋಗಿ, ಅರ್ಧಕ್ಕೂ ಹೆಚ್ಚು ಅಮ್ಮನ ಖಾತೆಗೆ ಕಳಿಸಿ, ಬಡವಳಾಗಿ ಹೊರಗೆ ಬರತೊಡಗಿದೆ. ಬಡತನ ಬಹಳ ಬೇಗ ರೂಢಿಯಾಯಿತು. ಹಳೆಯ ಸೈಕಲ್ ಸಿಕ್ಕಿತು. ಮೊಟ್ಟೆ ಕಾಫಿಯ ಬದಲು ಕೆಳಗಿನ ಮನೆಯ ಹ್ವಾ ಕೊಡುವ ಕಪ್ಪು ಕಾಫಿ.

ಈ ಹ್ವಾ ನನ್ನ ಮನೆಯೊಡತಿ, ಅಮ್ಮನ ವಯಸ್ಸಿನವರು. ಅವರನ್ನು ಎಲ್ಲರೂ 'ಕೋ ಹ್ವಾ' ಎಂದು ಕರೆಯುತ್ತಿದ್ದರು. ಕೋ ಎಂದರೆ ಅವರ ಭಾಷೆಯಲ್ಲಿ ಸೋದರತ್ತೆ. ಮೇಡಂಗೂ ಅದೇ ಪದ. ಹಾಗಾಗಿ ಕ್ಲಾಸಿನಲ್ಲಿ ನಾನೂ ಕೋ. ಅಪ್ಪನ ತಂಗಿಗೂ ಪಾಠ ಹೇಳುವವಳಿಗೂ ಒಂದೇ ಹೆಸರಿಟ್ಟವರು ಜಾಣರಿರಬೇಕು. ಇಬ್ಬರೂ ಬೈಯುತ್ತಾರೆ, ಇಬ್ಬರೂ ಕಡೆಗೆ ಚಾಕಲೇಟು ಕೊಡುತ್ತಾರೆ. ಒಮ್ಮೆ ನಾನು 'ನನ್ನ ಹತ್ತಿರ ತುಂಬಾ ಹಣವಿದ್ದರೆ' ಎಂಬ ವಾಕ್ಯವನ್ನು ಇಂಗ್ಲಿಷಿನಲ್ಲಿ ಮುಗಿಸಿ ಎಂದೆ. ಮಕ್ಕಳು ವಿಮಾನ ಕೊಂಡರು, ಫುಟ್ಬಾಲ್ ತಂಡ ಕೊಂಡರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಆಕಳಿಸುತ್ತಾ, ನನ್ನ ಹತ್ತಿರ ತುಂಬಾ ಹಣವಿದ್ದರೆ ನಾನು ನಿದ್ದೆ ಮಾಡುತ್ತೇನೆ ಎಂದಳು. ವ್ಯಾಕರಣದಲ್ಲಿ ಸಣ್ಣ ತಪ್ಪಿತ್ತು. ತಿದ್ದುವ ಮನಸ್ಸಾಗಲಿಲ್ಲ.

ಚಳಿಗಾಲ ಕಳೆಯುವ ಹೊತ್ತಿಗೆ ಅಮ್ಮನ ಖಾತೆಯಲ್ಲಿ ಅಡ್ವಾನ್ಸಿಗೆ ಹತ್ತಿರ ಹತ್ತಿರ ಹಣ ಕೂಡಿತ್ತು. ಆಗ ಬಂತು ಆ ವಿಡಿಯೋ ಕಾಲ್. ನಮ್ಮ ಮನೆಯ ಒಂದೇ ಒಂದು ಮಲಗುವ ಕೋಣೆ, ಅದರ ತುಂಬ ಪಾತ್ರೆ. ಕೊಪ್ಪರಿಗೆ, ತಪ್ಪಲೆ, ಜರಡಿ, ಆಳೆತ್ತರದ ಸ್ಟೀಲ್ ಡ್ರಮ್ಮು, ಒಂದು ದೊಡ್ಡ ಗ್ರೈಂಡರ್. ಅವುಗಳ ನಡುವೆ ಅಮ್ಮನ ನಗುಮುಖ.

"ತೀರ್ಥಹಳ್ಳಿಲಿ ಒಬ್ರು ಅಡಿಗೆ ಕಂಟ್ರಾಕ್ಟ್ ಬಿಟ್ರಂತೆ. ಎಲ್ಲಾ ಒಟ್ಟಿಗೆ ತಗೊಂಡೆ. ಇಂಥ ದಪ್ಪ ತಳ ಈಗೆಲ್ಲಿ ಸಿಗ್ತದೆ ಹೇಳು?"

"ಅಮ್ಮಾ, ಅಂಗಡಿನೇ ಇಲ್ಲ! ಅಡ್ವಾನ್ಸಿನ ದುಡ್ಡಲ್ವಾ ಅದು? ಮಂಚದ ಮೇಲೆ ಕೊಪ್ಪರಿಗೆ ಇಟ್ಟಿದೀಯಲ್ಲ, ನೀನೆಲ್ಲಿ ಮಲಗ್ತೀಯ?"

"ಕೆಳಗೆ. ನಂಗೇನು, ಚಾಪೆ ಸಾಕು. ಅದು ನೆಗ್ಗಿದ್ರೆ ಕಷ್ಟ."

ನನಗೆ ನಿಜವಾಗಿಯೂ ಸಿಟ್ಟು ಬಂತು. ಅಕ್ಕಿ ತೆಗೆದಿಡಲು ಹೇಳಿಕೊಟ್ಟವಳೇ ಗೋಣಿಚೀಲ ಬೋರಲು ಹಾಕಿದ್ದಳು. ಮೂರು ನಾಲ್ಕು ದಿನ ಫೋನ್ ಮಾಡಲಿಲ್ಲ. ನನ್ನ ಮುಖ ನೋಡಿ ಕೋ ಹ್ವಾ ಏನೆಂದು ಕೇಳಿದರು. ಮೊಬೈಲಿನ ಅನುವಾದದ ಆ್ಯಪ್ ಹಿಡಿದು ಇಡೀ ಕಥೆ ಹೇಳಿದೆ. ಅವರು ಕೇಳಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಉದ್ದಕ್ಕೆ ಏನೋ ಹೇಳಿದರು. ಆ್ಯಪ್ ಅದನ್ನು ಗಂಭೀರವಾಗಿ ಅನುವಾದಿಸಿತು: "ನಿನ್ನ ತಾಯಿ ಒಂದು ದೊಡ್ಡ ಪಾತ್ರೆ."

ಅವರು ನಿಜವಾಗಿ ಏನೆಂದರೋ ನನಗೆ ಇವತ್ತಿಗೂ ಗೊತ್ತಿಲ್ಲ. ನಗು ಬಂದ ಮೇಲೆ ಸಿಟ್ಟನ್ನು ಮತ್ತೆ ಹಿಡಿದು ಕೂರಿಸುವುದು ಕಷ್ಟ. ಸಂಜೆಯೇ ಊರಿಗೆ ಫೋನ್ ಮಾಡಿದೆ. ಅಮ್ಮನಿಗೆ ನಾನು ಸಿಟ್ಟು ಮಾಡಿಕೊಂಡದ್ದು ಗೊತ್ತೇ ಆಗಿರಲಿಲ್ಲ, ಅಷ್ಟು ಕೆಲಸವಿತ್ತು ಅವಳಿಗೆ. ಪಾತ್ರೆಗಳು ಸುಮ್ಮನೆ ಕೂತಿದ್ದನ್ನು ನೋಡಲಾರದೆ ಹಾಸ್ಟೆಲ್ಲಿಗೆ ರಜೆ ಹಾಕಿ, ಮನೆಯಲ್ಲೇ ಅನ್ನ, ಸೊಪ್ಪಿನ ಸಾರು, ಹುರುಳಿ ಪಲ್ಯ ಮಾಡಿ, ಡ್ರಮ್ಮುಗಳನ್ನು ಆಟೋದಲ್ಲಿ ಹೇರಿಕೊಂಡು ತಾಲ್ಲೂಕು ಆಫೀಸಿನ ಎದುರಿನ ಮರದಡಿ ಇಳಿಸಿದ್ದಳು.

"ಒಂದು ಅಗುಳು ಉಳೀಲಿಲ್ಲ," ಎಂದಳು. "ಸಾಹೇಬ್ರೇ ಬಂದು ಉಂಡು ಹೋದ್ರು. ಸಾರು ಎರಡು ಸಲ ಹಾಕ್ಸ್ಕೊಂಡ್ರು."

ರಜೆ ಮುಗಿದರೂ ಅವಳು ಹಾಸ್ಟೆಲ್ಲಿಗೆ ವಾಪಸು ಹೋಗಲಿಲ್ಲ, ದಿನವೂ ಆ ಮರದಡಿಯೇ ಊಟ ಬಡಿಸಿದಳು. ಮಳೆಗಾಲಕ್ಕೆ ಮುಂಚೆ, ಬಸ್ ಸ್ಟ್ಯಾಂಡಿನ ಪಕ್ಕದ ಕಟ್ಟಡದ ಮಾಲೀಕರು ಊಟಕ್ಕೆ ಬಂದಾಗ ತಾವಾಗಿಯೇ, "ಅಮ್ಮಾ, ನಮ್ಮ ಮೂಲೆ ಮಳಿಗೆ ಖಾಲಿ ಆಗ್ತದೆ, ನೀವೇ ಬಂದ್ಬಿಡಿ," ಎಂದರು. ಅಷ್ಟರಲ್ಲಿ ನಾನು ಕಳಿಸಿದ್ದು ಮತ್ತೆ ಕೂಡಿತ್ತು. ಅಡ್ವಾನ್ಸು ಕೊಟ್ಟದ್ದು ನನ್ನ ಉಳಿತಾಯ. ಆದರೆ ಮಳಿಗೆಯನ್ನು ಮನೆ ಬಾಗಿಲಿಗೆ ಕರೆತಂದದ್ದು ಅವಳ ಖರ್ಚು. ನಾನೊಬ್ಬಳೇ ಆಗಿದ್ದರೆ ಪಾಸ್‌ಬುಕ್ ನೋಡುತ್ತಾ ಕೂತಿರುತ್ತಿದ್ದೆ. ಅವಳೊಬ್ಬಳೇ ಆಗಿದ್ದರೆ ಕೊಪ್ಪರಿಗೆಯ ಪಕ್ಕ ಚಾಪೆಯ ಮೇಲೆ ಮಲಗಿರುತ್ತಿದ್ದಳು.

ಮೆಸ್ ನಡೆಯಿತು. ಬುಧವಾರ ಮೀನು ಸಾರಿನ ದಿನ ಬಸ್ ಕಂಡಕ್ಟರುಗಳು ಮೊದಲೇ ಫೋನ್ ಮಾಡಿ ಊಟ ಹೇಳಿಡುತ್ತಾರೆ. ಎರಡನೆಯ ವರ್ಷ ಅಮ್ಮ ನನ್ನಿಂದ ಒಂದು ರೂಪಾಯಿಯನ್ನೂ ಮುಟ್ಟಲಿಲ್ಲ. ನನ್ನ ಉಳಿತಾಯಕ್ಕೆ ಕೆಲಸವೇ ತಪ್ಪಿಹೋಯಿತು. ಅಭ್ಯಾಸಬಲದಿಂದ ಹಣ ಕೂಡುತ್ತಲೇ ಇತ್ತು.

"ನಿಂಗೆ ಎಂತ ಬೇಕು ಹೇಳಮ್ಮ," ಎಂದು ಕೇಳಿದೆ. "ಬಳೆ ಮಾಡ್ಸೋಣ್ವಾ?"

"ಬಳೆ ಸೌಟಿಗೆ ತಾಗ್ತದೆ. ನೀ ಇರೋ ಊರು ತೋರ್ಸು."

ಮಂಗಳೂರಿನಿಂದ ಆಚೆ ಹೋಗದವಳು ಪಾಸ್‌ಪೋರ್ಟು ಮಾಡಿಸಿದಳು. ಮನೆಗೆ ವಿಚಾರಣೆಗೆ ಬಂದ ಪೊಲೀಸರು ವಿದೇಶಕ್ಕೆ ಯಾಕೆ ಹೋಗುತ್ತೀರೆಂದು ಕೇಳಿದ್ದಕ್ಕೆ, "ನನ್ನ ಮಗಳಿಗೆ ಅಲ್ಲಿ ಯಾರು ಊಟ ಹಾಕ್ತಾರೆ ನೋಡೋಕೆ," ಎಂದಳಂತೆ. ಮೆಸ್ಸಿಗೆ ಬೀಗ ಹಾಕಿ ಹತ್ತು ದಿನಕ್ಕೆ ಬಂದೇಬಿಟ್ಟಳು. ಕೋ ಹ್ವಾ ಮತ್ತು ಅಮ್ಮ ಮೊದಲ ದಿನವೇ ನನ್ನನ್ನು ಬಿಟ್ಟುಬಿಟ್ಟರು. ಒಬ್ಬರು ಕನ್ನಡ, ಒಬ್ಬರು ವಿಯೆಟ್ನಾಮಿ. ಎರಡೂ ಅಡುಗೆಮನೆಯಲ್ಲಿ ಸಲೀಸಾಗಿ ಓಡಾಡುತ್ತಿದ್ದವು. ನನ್ನ ಇಂಗ್ಲಿಷಿಗೆ ಅಲ್ಲಿ ಕೆಲಸವಿರಲಿಲ್ಲ.

ಮಾರನೆಯ ಬೆಳಿಗ್ಗೆ ಮೂವರೂ ಸಂತೆಗೆ ಹೋದೆವು. ಬಾಳೆಹೂವು, ಬಾಳೆದಿಂಡು, ಕೆಸುವಿನ ದಂಟು ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡುತ್ತಾ ನಡೆದ ಅಮ್ಮ ಒಂದು ಕಡೆ ಗಕ್ಕನೆ ನಿಂತಳು.

"ಕಳಲೆ! ಶೈಲಾ, ಕಳಲೆ ಕಣೇ!"

ಎಳೆ ಬಿದಿರಿನ ಮೊಳಕೆ, ಹದವಾಗಿ ಸುಲಿದು ರಾಶಿ ಹಾಕಿತ್ತು. ಮಾರುವ ಹೆಂಗಸು ನೋಟುಗಳನ್ನು ಎತ್ತಿ ಹಿಡಿದು ಬೆಲೆ ಹೇಳಿದಳು. ಅಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು, "ಅಯ್ಯೋ, ಇಷ್ಟಕ್ಕಾ? ನಮ್ಮಲ್ಲಿ ಕಾಡಲ್ಲಿ ಬಿಟ್ಟಿ ಸಿಗ್ತದೆ!" ಎಂದು ಕನ್ನಡದಲ್ಲೇ ಶುರು ಮಾಡಿದಳು. ಆ ಹೆಂಗಸು ತನ್ನ ಭಾಷೆಯಲ್ಲಿ ಬಿದಿರು ಕಡಿಯುವ ಕಷ್ಟವನ್ನು ಅಭಿನಯಿಸಿದಳು. ಅಮ್ಮ ಹೊರಟವಳಂತೆ ತಿರುಗಿದಳು, ಅವಳು ಕರೆದಳು. ಸುತ್ತ ಜನ ಸೇರಿದರು. ಕೋ ಹ್ವಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕಡೆಗೆ ಅಮ್ಮ ಗೆದ್ದು, ಹತ್ತು ಸಾವಿರದ ಒಂದು ನೋಟು ಉಳಿಸಿದಳು. ಕಳಲೆ ಚೀಲಕ್ಕೆ ಬಿದ್ದ ಮೇಲೆ ಅದೇ ನೋಟನ್ನು ಮಡಚಿ ಆ ಹೆಂಗಸಿನ ಕೈಯೊಳಗೆ ತುರುಕಿದಳು.

"ವಾಪಸ್ ಕೊಡೋದಾದ್ರೆ ಅಷ್ಟೊತ್ತು ಚೌಕಾಸಿ ಯಾಕೆ ಮಾಡಿದ್ದು?" ಎಂದೆ.

"ಕೇಳ್ದಷ್ಟು ಕೊಟ್ಟಿದ್ರೆ ಅದು ಅವಳ ರೇಟು," ಎಂದಳು ಅಮ್ಮ. "ಉಳ್ಸಿ ಕೊಟ್ರೆ, ನಾವು ಕೊಟ್ಟಿದ್ದು."

ಆ ಹೆಂಗಸು ನೋಟನ್ನೊಮ್ಮೆ, ಅಮ್ಮನನ್ನೊಮ್ಮೆ ನೋಡಿದಳು. ಆಮೇಲೆ ರಾಶಿಯಿಂದ ದಪ್ಪನೆಯ ಇನ್ನೊಂದು ಕಳಲೆ ಆರಿಸಿ ನಮ್ಮ ಚೀಲಕ್ಕೆ ಹಾಕಿದಳು. ಅಮ್ಮ ಅದಕ್ಕೆ ದುಡ್ಡು ತೆಗೆದಳು. ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬೇಡವೆಂದಳು. ಅಮ್ಮ ದನಿ ಏರಿಸಿದಳು, ಅವಳೂ ಏರಿಸಿದಳು. ಚದುರುತ್ತಿದ್ದ ಜನ ಮತ್ತೆ ಸೇರಿದರು. ಚೌಕಾಸಿ ಮೊದಲಿನಿಂದ ಶುರುವಾಯಿತು, ಈ ಸಲ ತಿರುಗಾಮುರುಗಾ.