ವೆಲಿಂಗ್ರಾದ್ ದಾಟಿ ಹೋದ ವಯೋಲಾ

ಪ್ಲೊವ್ದಿವ್‌ನ ವಿದ್ಯಾರ್ಥಿ ವಾದ್ಯವೃಂದದಲ್ಲಿ ಹಾಳೆಗಳ ಕೋಣೆ ನೋಡಿಕೊಳ್ಳುವವಳು ನಾನು. ಯಾವ ವಾದ್ಯಕ್ಕೆ ಯಾವ ಸ್ವರಲಿಪಿ ಎಂದು ವಿಂಗಡಿಸಿ, ತಾಲೀಮಿಗೆ ಮುಂಚೆ ಸ್ಟ್ಯಾಂಡುಗಳ ಮೇಲೆ ಇಟ್ಟು, ಮುಗಿದ ಮೇಲೆ ಒಂದೂ ಕಳೆಯದ ಹಾಗೆ ಕೂಡಿಸಿಡುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷಗಳಲ್ಲಿ ಎಷ್ಟೋ ಮಕ್ಕಳು ಬಂದು ಹೋದರು. ಅವರ ಪೈಕಿ ರಾಲಿತ್ಸಾಳ ಹಾಳೆಗಳನ್ನು ದೂರದಿಂದಲೇ ಗುರುತಿಸುತ್ತಿದ್ದೆ. ಅಂಚಿನಲ್ಲಿ ಕಾಫಿ ಕಲೆ, ಸಾಲುಗಳ ನಡುವೆ ಪೆನ್ಸಿಲ್ಲಿನಲ್ಲಿ ಬರೆದ ಬಸ್ಸು ರೈಲುಗಳ ವೇಳೆ.

ಅವಳದು ವಯೋಲಾ. ಪಿಟೀಲಿಗಿಂತ ತುಸು ದೊಡ್ಡದು, ದನಿ ಗಂಟಲಿನಿಂದಲ್ಲ, ಎದೆಯಿಂದ ಬಂದ ಹಾಗೆ. ವೃಂದದಲ್ಲಿ ಹಾಡು ಪಿಟೀಲಿನವರ ಪಾಲಿಗೆ ಹೋಗುತ್ತದೆ, ಗಾಂಭೀರ್ಯ ಚೆಲ್ಲೋದವರ ಪಾಲಿಗೆ. ನಡುವೆ ತುಂಬಿಕೊಡುವ ಕೆಲಸ ವಯೋಲಾದವರದು. ಅವರ ಮೇಲಿರುವಷ್ಟು ನಗೆಮಾತುಗಳು ಬೇರೆ ಯಾರ ಮೇಲೂ ಇಲ್ಲ. ರಾಲಿತ್ಸಾ ಆ ಸಾಲಿನ ಮೊದಲ ಕುರ್ಚಿಯಲ್ಲಿ, ಅಂದರೆ ಮುಖ್ಯ ವಾದಕರ ಜಾಗದಲ್ಲಿ, ಕೂರುತ್ತಿದ್ದಳು. ಪಕ್ಕದಲ್ಲಿ ಸ್ಪಾಸ್ ಅಂತ ಒಬ್ಬ ಉದ್ದನೆಯ ಹುಡುಗ. ಅವನ ಕೆಲಸ ಹಾಳೆ ತಿರುವುವುದು ಮತ್ತು ಅವಳನ್ನು ರೇಗಿಸುವುದು.

ರಾಲಿತ್ಸಾಳ ಅಪ್ಪ ಖಾಸ್ಕೊವೊದಲ್ಲಿ ಲಾರಿ ಓಡಿಸುತ್ತಿದ್ದ. ಅವಳು ಇಲ್ಲಿ ಕಾಲಿಗೆ ಚಕ್ರ ಕಟ್ಟಿಕೊಂಡಿದ್ದಳು. ನಮ್ಮ ತಾಲೀಮು ಮುಗಿದರೆ ಒಪೆರಾದ ವೃಂದದಲ್ಲಿ ರಜೆ ಹಾಕಿದವರ ಬದಲಿಗೆ ಕೂರಬೇಕು. ಅಲ್ಲಿಂದ ಗೆಳತಿಯರ ಜೊತೆ ನಾಲ್ವರು ಸೇರಿ ನುಡಿಸುವ ಚತುರ್ವಾದ್ಯಕ್ಕೆ. ಶನಿವಾರ ಯಾರದೋ ಮದುವೆ, ವಧು ನಡೆದು ಬರುವಾಗ ಅದೇ ಮೂರು ತುಣುಕು. ಇವುಗಳ ಸಂದಿನಲ್ಲಿ ತರಗತಿ, ಪರೀಕ್ಷೆ. ತಲೆ ಬಾಚಲು ಪುರುಸೊತ್ತಿಲ್ಲದೆ ಕೂದಲನ್ನು ಪೆನ್ಸಿಲ್ಲಿನಿಂದ ಗಂಟು ಹಾಕಿಕೊಳ್ಳುತ್ತಿದ್ದಳು. ಎಷ್ಟೋ ಮಧ್ಯಾಹ್ನ ನನ್ನ ಕೋಣೆಯ ಕಪಾಟುಗಳ ಹಿಂದೆ, ಡಬಲ್ ಬಾಸ್‌ಗಳ ಹೊದಿಕೆ ಹಾಸಿಕೊಂಡು ಮಲಗಿರುತ್ತಿದ್ದಳು. ನಾನು ಕಾಗದ ಸದ್ದಾಗದಂತೆ ತಿರುವುತ್ತಿದ್ದೆ.

ಎಚ್ಚರವಿದ್ದಾಗಲೂ ಅವಳು ಪೂರ್ತಿ ಇಲ್ಲಿ ಇರುತ್ತಿರಲಿಲ್ಲ. ವೃಂದದಲ್ಲಿ ಕೂತವರಿಗೆ ನುಡಿಸುವುದರಷ್ಟೇ ಸುಮ್ಮನಿರುವುದೂ ಇರುತ್ತದೆ. ಮೂವತ್ತು ನಲವತ್ತು ಆವರ್ತ ಎಣಿಸುತ್ತ ಕಾಯಬೇಕು.

"ಸ್ನೆಜಾ ಚಿಕ್ಕಮ್ಮ, ಇವತ್ತು ಹದಿನೇಳನೇ ಆವರ್ತದಿಂದ ಇಪ್ಪತ್ತಾರರವರೆಗೆ ನಮ್ಮೂರಿಗೆ ಹೋಗಿ ಬಂದೆ," ಎಂದಳು ಒಂದು ದಿನ. ವೃಂದದ ಮಕ್ಕಳೆಲ್ಲ ನನ್ನನ್ನು ಚಿಕ್ಕಮ್ಮ ಎಂದೇ ಕರೆಯುವುದು. "ಅಪ್ಪ ಲಾರಿ ತೊಳೀತಿದ್ದ. ಅಂಗಳದಲ್ಲೆಲ್ಲ ನೀರು."

"ಕಮಾನು ಎತ್ತೋದು ಮರೆತುಹೋದ್ರೆ?"

"ಕೈ ಎತ್ತುತ್ತೆ. ನಾನು ಆಮೇಲೆ ಬರ್ತೀನಿ."

ಅವಳ ಓದಿನ ಮೂರನೇ ವರ್ಷದ ಮೇ ತಿಂಗಳಲ್ಲಿ ವೆಲಿಂಗ್ರಾದ್‌ನ ಓದುಮನೆಯ, ಅಂದರೆ ಪುಸ್ತಕಾಲಯವೂ ಇರುವ ಊರ ಕಲಾಭವನದ, ಸಭಾಂಗಣದಲ್ಲಿ ನಮ್ಮ ಕಛೇರಿ ಇತ್ತು. ಕೊನೆಯ ಕೃತಿಯಲ್ಲಿ ವಯೋಲಾ ಒಂಟಿಯಾಗಿ ನುಡಿಸುವ ಒಂದು ಭಾಗ, ಒಂದೂವರೆ ನಿಮಿಷದ್ದು. ಮೂರು ವರ್ಷದಲ್ಲಿ ಅವಳಿಗೆ ಸಿಕ್ಕ ಮೊದಲ ಒಂಟಿ ಭಾಗ ಅದು. ಖಾಸ್ಕೊವೊದಿಂದ ಅಪ್ಪ ಫೋನಿನಲ್ಲೇ ಕೇಳುತ್ತೇನೆ ಎಂದಿದ್ದನಂತೆ, ಸ್ಪಾಸ್ ಅದಕ್ಕೂ ರೇಗಿಸಿದ್ದ.

ನಾವೆಲ್ಲ ಬಸ್ಸಿನಲ್ಲಿ ಬೆಳಿಗ್ಗೆಯೇ ಹೊರಟೆವು. ಅವಳಿಗೆ ಹನ್ನೊಂದಕ್ಕೆ ಪರೀಕ್ಷೆ. "ಮಧ್ಯಾಹ್ನದ ರೈಲಿಗೆ ಬರ್ತೀನಿ, ನಾಲ್ಕಕ್ಕೆಲ್ಲ ಅಲ್ಲಿರ್ತೀನಿ," ಎಂದಳು. ಹಿಂದಿನ ರಾತ್ರಿ ಓದಿ, ಅದರ ಹಿಂದಿನ ರಾತ್ರಿ ಒಪೆರಾದಲ್ಲಿ ನುಡಿಸಿ, ಅವಳ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಸೆಪ್ತೆಂವ್ರಿಯಲ್ಲಿ ದೊಡ್ಡ ರೈಲು ಇಳಿದು ಬೆಟ್ಟದ ಪುಟ್ಟ ರೈಲು ಹತ್ತಿದಳು. ಕಿಟಕಿ ಪಕ್ಕ ಜಾಗ ಸಿಕ್ಕಿತು. ವಯೋಲಾದ ಪೆಟ್ಟಿಗೆಯನ್ನು ಕಾಲುಗಳ ನಡುವೆ ನಿಲ್ಲಿಸಿ, ಅದರ ಕುತ್ತಿಗೆಗೆ ಗಲ್ಲ ಆನಿಸಿದಳು. ನದಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬರುತ್ತಿತ್ತು. ಗಾಲಿಗಳು ಮೂರು ಮೂರರ ಲೆಕ್ಕದಲ್ಲಿ ಬಡಿಯುತ್ತಿದ್ದವು. ಅವಳು ಎಣಿಸತೊಡಗಿದಳು. ಎಷ್ಟನೇ ಆವರ್ತಕ್ಕೆ ಕಣ್ಣು ಹತ್ತಿತೋ ಅವಳಿಗೇ ಗೊತ್ತಿಲ್ಲ.

ನಿದ್ದೆಯಲ್ಲಿ ಯಾರೋ ಊರಿನ ಹೆಸರು ಕೂಗಿದ್ದು ಕೇಳಿಸಿತಂತೆ. ಅದು ತಾಲೀಮಿನಲ್ಲಿ ಯಾರನ್ನೋ ಕರೆದದ್ದು, ತನ್ನನ್ನಲ್ಲ ಎಂದುಕೊಂಡಳು. ನಡುವೆ ಒಮ್ಮೆ ಅರೆಗಣ್ಣು ಬಿಟ್ಟಾಗ ಕೆಳಗೆ ಕಣಿವೆಯಲ್ಲಿ ಒಂದು ಕೆಂಪು ಹೆಂಚಿನ ಮನೆ, ಹೊರಗೆ ಒಣಗಹಾಕಿದ ಬಿಳಿ ದುಪ್ಪಟಿ. ಮತ್ತೆ ಕಣ್ಣು ಬಿಟ್ಟಾಗ ಅದೇ ಮನೆ, ಅದೇ ದುಪ್ಪಟಿ, ಈಗ ಇನ್ನೊಂದು ಬದಿಯಲ್ಲಿ, ಇನ್ನೂ ಕೆಳಗೆ. ಆ ಹಳಿ ಬೆಟ್ಟಕ್ಕೆ ಸುತ್ತು ಹಾಕುತ್ತ ಏರುತ್ತದೆ. ಕನಸೇ ಇರಬೇಕು ಎಂದು ಅವಳು ಮತ್ತೆ ಕಣ್ಣು ಮುಚ್ಚಿದಳು.

ಭುಜ ಅಲ್ಲಾಡಿಸಿ ಎಬ್ಬಿಸಿದವನು ರೈಲಿನ ಟಿಕೆಟ್ ತಪಾಸಣೆಯವ. "ನಿನ್ನ ಟಿಕೆಟ್ಟು ವೆಲಿಂಗ್ರಾದ್‌ವರೆಗೆ ತಾನೆ ತಾಯಿ? ಇದು ಅವ್ರಾಮೊವೊ."

ಅವಳು ಪೆಟ್ಟಿಗೆ ತಬ್ಬಿಕೊಂಡು ಇಳಿದಳು. ರೈಲು ಹೋಯಿತು. ಸುತ್ತ ಪೈನ್ ಮರಗಳು, ಹಸಿರು ಹುಲ್ಲಿನ ಇಳಿಜಾರು, ಮೇ ತಿಂಗಳಾದರೂ ನೆರಳಿನಲ್ಲಿ ಒಂದು ಹಿಡಿ ಹಿಮ. ಗಂಟೆ ಐದಾಗಿತ್ತು. ಫೋನಿನ ಜೀವ ಹೋಗಿತ್ತು, ಅಪ್ಪನಿಗೂ ತಿಳಿಸುವಂತಿರಲಿಲ್ಲ.

ನಿಲ್ದಾಣ ನೋಡಿಕೊಳ್ಳುತ್ತಿದ್ದವಳು ನೆಫಿಯೆ ಎಂಬ ಹೆಂಗಸು, ಅರವತ್ತರ ಆಸುಪಾಸು, ಹೂವಿನ ತಲೆವಸ್ತ್ರ, ಅದರ ಮೇಲೆ ರೈಲ್ವೆಯ ಕೆಂಪು ಟೋಪಿ. ಹುಡುಗಿ ಕಛೇರಿಗೆಂದು ತೊಟ್ಟಿದ್ದ ಕಪ್ಪು ಉಡುಪನ್ನು ಶೋಕದ್ದೆಂದು ತಿಳಿದು ಅವಳು ಮೊದಲು ಕೇಳಿದ್ದು, "ಯಾರು ತೀರಿಕೊಂಡ್ರು ಮಗಳೇ?"

"ಯಾರೂ ಇಲ್ಲ. ಏಳಕ್ಕೆ ವೆಲಿಂಗ್ರಾದ್‌ನಲ್ಲಿ ಕಛೇರಿ. ನಿದ್ದೆ ಹೋದೆ."

"ಸದ್ಯ. ನಿದ್ದೆ ತಾನೆ. ಕೆಳಗೆ ಹೋಗೋ ರೈಲು ಆರೂ ಕಾಲಿಗೆ. ಮುಟ್ಟೋ ಹೊತ್ತಿಗೆ ಏಳೂವರೆ."

"ಬೇರೆ ದಾರಿ ಇಲ್ವಾ?"

"ನನ್ನ ಗಂಡನ ಕತ್ತೆ ಇದೆ. ಅದು ನಾಳೆ ಮುಟ್ಟಿಸುತ್ತೆ."

ರಾಲಿತ್ಸಾ ಬೆಂಚಿನ ಮೇಲೆ ಕೂತು ಅತ್ತಳು. ಕೂದಲಿನಿಂದ ಪೆನ್ಸಿಲ್ಲು ಜಾರಿ ಬಿದ್ದದ್ದೂ ತಿಳಿಯಲಿಲ್ಲ. ನೆಫಿಯೆ ಒಳಗೆ ಹೋಗಿ ವೆಲಿಂಗ್ರಾದ್ ನಿಲ್ದಾಣಕ್ಕೆ ಫೋನು ಮಾಡಿದಳು. ಅಲ್ಲಿಯವನೊಬ್ಬ ಸೈಕಲ್ಲು ಹತ್ತಿ ಓದುಮನೆಗೆ ಬಂದು, ನನ್ನನ್ನು ಹುಡುಕಿ ಹೇಳಿದ ಮಾತು ಇಷ್ಟೆ: "ನಿಮ್ಮ ಹುಡುಗಿ ಬೆಟ್ಟದ ಮೇಲಿದ್ದಾಳಂತೆ. ಚೆನ್ನಾಗಿದ್ದಾಳಂತೆ. ಅಳ್ತಿದ್ದಾಳಂತೆ."

ಅಲ್ಲಿ ನೆಫಿಯೆ ಬೆಟ್ಟದ ಸೊಪ್ಪಿನ ಚಹಾ ಕಾಸಿ, ಮನೆಯಿಂದ ತಂದ ಆಲೂಗಡ್ಡೆಯ ದಪ್ಪ ರೊಟ್ಟಿ ಮುರಿದು ಕೊಟ್ಟಳು. ಹುಡುಗಿ ಬೆಳಗಿನಿಂದ ಏನೂ ತಿಂದಿರಲಿಲ್ಲ. ಎರಡನೇ ತುಂಡೂ ಮುಗಿಸಿದಳು.

"ಪೆಟ್ಟಿಗೇಲಿ ಏನು, ಪಿಟೀಲಾ?"

"ಪಿಟೀಲಲ್ಲ. ಅದರ ಅಕ್ಕ."

"ನುಡಿಸು ನೋಡೋಣ. ಹೇಗೂ ರೈಲು ಬರಬೇಕಲ್ಲ."

ರಾಲಿತ್ಸಾ ಸಂಜೆ ನುಡಿಸಬೇಕಿದ್ದುದನ್ನೇ ನುಡಿಸಿದಳು. ಒಂಟಿ ಭಾಗ ನುಡಿಸಲು ಮನಸ್ಸಾಗದೆ ಅದಕ್ಕಿಂತ ಹಿಂದಿನದನ್ನು ಎತ್ತಿಕೊಂಡಳು. ನೆಫಿಯೆ ಗಲ್ಲಕ್ಕೆ ಕೈ ಕೊಟ್ಟು ಕೇಳಿದಳು.

"ತಪ್ಪು ತಿಳೀಬೇಡ," ಎಂದಳು. "ಇದು ಹಾಡಿನ ಪಕ್ಕೆಲುಬು ಇದ್ದ ಹಾಗಿದೆ. ಹಾಡೆಲ್ಲಿ?"

"ಹಾಡು ಬೇರೆಯವರ ಹತ್ತಿರ ಇದೆ."

"ನಿನ್ನ ಹತ್ತಿರ ಒಂದೂ ಇಲ್ವಾ?"

ರಾಲಿತ್ಸಾ ಯೋಚಿಸಿದಳು. ಏಳನೇ ವಯಸ್ಸಿನಿಂದ ವಾದ್ಯ ಹಿಡಿದವಳು. ನೂರಾರು ಕೃತಿಗಳ ನಡುಭಾಗ ಅವಳ ಬೆರಳಿನಲ್ಲಿತ್ತು. ಹಾಳೆಯಿಲ್ಲದೆ, ಯಾರ ಜೊತೆಯೂ ಇಲ್ಲದೆ, ಮೊದಲಿನಿಂದ ಕೊನೆಯವರೆಗೆ ನುಡಿಸುವಂಥ ಒಂದು ಹಾಡೂ ನೆನಪಿಗೆ ಬರಲಿಲ್ಲ. ನಾಚಿಕೆಯಾಯಿತು ಎಂದು ನನಗೆ ಆಮೇಲೆ ಹೇಳಿದಳು.

ನೆಫಿಯೆ ಟೋಪಿ ತೆಗೆದು ಬೆಂಚಿನ ಮೇಲಿಟ್ಟಳು. ಎದುರಿನ ಇಳಿಜಾರು ನೋಡುತ್ತ ಒಂದು ಹಾಡು ಹೇಳಲು ಶುರುಮಾಡಿದಳು. ಕುರಿ ಮೇಯಿಸಲು ಹೋದವನು ಮಂಜಿನಲ್ಲಿ ಸಿಕ್ಕಿ, ಮನೆಯ ಹೊಗೆಯ ವಾಸನೆ ಹಿಡಿದು ಇಳಿದು ಬರುವ ಹಾಡು. ರೊದೊಪಿ ಬೆಟ್ಟದ ಹಾಡುಗಳಿಗೆ ಅವಸರವಿಲ್ಲ. ಒಂದು ಮಾತಿನ ಮೇಲೆ ನಿಂತರೆ ಮೋಡವೊಂದು ಬೆಟ್ಟ ದಾಟುವಷ್ಟು ಹೊತ್ತು ನಿಲ್ಲುತ್ತಾರೆ. ಎಲ್ಲಿ ಆವರ್ತ ಮುಗಿಯಿತು, ಎಲ್ಲಿ ಶುರುವಾಯಿತು, ರಾಲಿತ್ಸಾಳಿಗೆ ಎಣಿಸಲಾಗಲಿಲ್ಲ. ಎಣಿಸುವುದನ್ನು ಬಿಟ್ಟಳು. ಕೆಳಗಿನ ಎರಡು ತಂತಿಗಳ ಮೇಲೆ ಕಮಾನಿಟ್ಟು, ಶ್ರುತಿಯಂತೆ ಒಂದೇ ದನಿ ಹಿಡಿದಳು. ಆ ದನಿಯ ಮೇಲೆ ನೆಫಿಯೆಯ ಕಂಠ ಕೂತಿತು, ಎದ್ದಿತು, ಮತ್ತೆ ಬಂದು ಕೂತಿತು. ಮೇಯುತ್ತಿದ್ದ ಹಸುವೊಂದು ಹಳಿಯ ಹತ್ತಿರ ಬಂದು ನಿಂತಿತು. ಬೆಳಕು ಜೇನಿನ ಬಣ್ಣಕ್ಕೆ ತಿರುಗಿತ್ತು. ಕೈ ತನ್ನದೋ, ಮರಗಳದೋ ಎನ್ನಿಸಿತಂತೆ.

"ಅಷ್ಟು ಹೊತ್ತೂ ಬೇರೆಲ್ಲೂ ಹೋಗಲಿಲ್ಲ ಚಿಕ್ಕಮ್ಮ," ಎಂದಳು ನನಗೆ. "ಅಲ್ಲೇ ಇದ್ದೆ."

ಐದು ಹಾಡಾಗುವಷ್ಟರಲ್ಲಿ ರೈಲು ಬಂತು. ನೆಫಿಯೆ ಟೋಪಿ ಹಾಕಿಕೊಂಡು ನಿಶಾನೆ ತೋರಿಸಿದಳು. "ಮುಂದಿನ ಸಲ ಎಚ್ಚರ ಇಟ್ಕೊಂಡು ಬಾ," ಎಂದಳು.

ವೆಲಿಂಗ್ರಾದ್‌ನಲ್ಲಿ ಇಳಿದು ಓಡುತ್ತ ಬಂದಾಗ ಎಂಟಾಗುತ್ತಿತ್ತು. ಸಭಾಂಗಣದ ಕಿಟಕಿಗಳು ತೆರೆದಿದ್ದವು. ಕೊನೆಯ ಕೃತಿ ಅರ್ಧಕ್ಕೆ ಬಂದಿತ್ತು. ಬಾಗಿಲು ತಳ್ಳಲು ಹೋದವಳು ನಿಂತುಬಿಟ್ಟಳು. ತನ್ನ ವೃಂದವನ್ನು ಹೊರಗಿನಿಂದ ಅವಳು ಎಂದೂ ಕೇಳಿರಲಿಲ್ಲ. ಲಿಂಡೆನ್ ಮರದ ಕೆಳಗೆ ಸೂರ್ಯಕಾಂತಿ ಬೀಜ ಸುಲಿಯುತ್ತಿದ್ದ ಇಬ್ಬರು ಮುದುಕರು ಸ್ವಲ್ಪ ಸರಿದು ಜಾಗ ಕೊಟ್ಟರು. ಆಗ ಒಂಟಿ ಭಾಗ ಶುರುವಾಯಿತು. ಸ್ಪಾಸ್ ನುಡಿಸುತ್ತಿದ್ದ. ಅವಳು ನುಡಿಸುವುದಕ್ಕಿಂತ ನಿಧಾನವಾಗಿ, ಒಂದು ಕಡೆ ದನಿ ನಡುಗಿತು, ಅದೂ ಚೆನ್ನಾಗಿತ್ತು.

"ಒಳ್ಳೇ ನುಡಿಸ್ತಾನೆ ಹುಡುಗ," ಎಂದ ಮುದುಕರಲ್ಲೊಬ್ಬ.

"ಹೂಂ," ಎಂದಳು ರಾಲಿತ್ಸಾ. ಹೊಟ್ಟೆಕಿಚ್ಚು ಬರುತ್ತದೇನೋ ಎಂದು ಕಾದಳಂತೆ, ಬರಲಿಲ್ಲ. ತಾನಿಲ್ಲದೆಯೂ ಇದು ನಡೆಯುತ್ತದೆ ಎಂದು ತಿಳಿದಾಗ ಮೊದಲು ಭಯವಾಯಿತು, ಆಮೇಲೆ ಹಗುರವೆನಿಸಿತು.

ಚಪ್ಪಾಳೆ ನಿಂತ ಮೇಲೆ ವೇದಿಕೆಯ ಹಿಂದೆ ಸ್ಪಾಸ್ ಬೆವರು ಒರೆಸಿಕೊಳ್ಳುತ್ತಿದ್ದ. "ಬಂದ್ಯಾ ಮಹಾರಾಣಿ? ನಿನ್ನಿಂದ ನಾನು ಸಾಯೋದರಲ್ಲಿದ್ದೆ."

"ಹೊರಗೆ ನಿಂತು ಕೇಳಿದೆ. ನನಗಿಂತ ಚೆನ್ನಾಗಿ ನುಡಿಸಿದೆ."

ಅವನು ರೇಗಿಸುವುದನ್ನು ಬಿಟ್ಟು ಅವಳ ಪೆಟ್ಟಿಗೆ ಹೊರಲು ಕೈ ಚಾಚಿದ. ನಾನು ಅವನನ್ನು ಹಾಗೆ ನೋಡಿದ್ದು ಅದೊಂದೇ ಸಲ.

ನಮ್ಮ ವೃಂದದ ನಿರ್ದೇಶಕ ಸ್ತಮಾತೊವ್ ಬೈಯುವವರಲ್ಲ, ಆದರೆ ಬಿಡುವವರೂ ಅಲ್ಲ. "ಮೊದಲ ಕುರ್ಚಿ ಇನ್ನು ಸ್ಪಾಸ್‌ನದು," ಎಂದರು. "ನೀನು ಹಾಳೆ ತಿರುವು. ರಾತ್ರಿ ನಿದ್ದೆಯನ್ನೂ ಮಾಡು. ಇದು ಶಿಕ್ಷೆ ಅಲ್ಲ, ಕೆಲಸ ಅಂತ ತಿಳಿ."

ಅವಳು ಎರಡನ್ನೂ ಪಾಲಿಸಿದಳು. ಮದುವೆಗಳನ್ನು ಬಿಟ್ಟಳು, ಒಪೆರಾದ ಬದಲಿ ಕೆಲಸವನ್ನು ತಿಂಗಳಿಗೆ ಎರಡಕ್ಕೆ ಇಳಿಸಿದಳು. ಚತುರ್ವಾದ್ಯದ ಗೆಳತಿಯೊಬ್ಬಳು ಸಿಟ್ಟಾಗಿ ಮಾತು ಬಿಟ್ಟಳು, ಅದು ಕೊನೆಗೂ ಸರಿಹೋಗಲಿಲ್ಲ. ಜುಲೈಯಲ್ಲಿ ಅವ್ರಾಮೊವೊಗೆ ಹೋಗಿ ನೆಫಿಯೆಯ ಮನೆಯಲ್ಲಿ ಒಂಬತ್ತು ದಿನ ಇದ್ದಳು, ಹುಲ್ಲು ಒಟ್ಟಿದಳು, ಹನ್ನೊಂದು ಹಾಡು ಕಲಿತಳು. ಬರೆದುಕೊಳ್ಳಲು ನೆಫಿಯೆ ಬಿಡಲಿಲ್ಲ.

ಮರುವರ್ಷ ಪದವಿಯ ಕಛೇರಿಯ ಕೊನೆಗೆ ಅವಳು ಒಬ್ಬಳೇ ನಿಂತು ಅವುಗಳಲ್ಲೊಂದನ್ನು ನುಡಿಸಿದಳು. ಪರೀಕ್ಷಕರಲ್ಲಿ ಒಬ್ಬರು ಇದು ಪಟ್ಟಿಯಲ್ಲಿಲ್ಲ ಎಂದು ಅಂಕ ಕಡಿಮೆ ಮಾಡಿದರು. ಇನ್ನೊಬ್ಬರು, ವಯಸ್ಸಾದವರು, ಕನ್ನಡಕ ತೆಗೆದು ಒರೆಸಿಕೊಂಡರು. ಒಟ್ಟು ಆರು ಅಂಕಕ್ಕೆ ಐದೂಕಾಲು ಬಂತು.

ನುಡಿಸಿದ ಪ್ರತಿ ಕೃತಿಯ ಹಾಳೆ ನನ್ನ ಕಪಾಟಿಗೆ ಬರಬೇಕು, ನಿಯಮ. ಸಂಜೆ ಕೇಳಿದೆ.

"ಹಾಳೆ ಇಲ್ಲ ಚಿಕ್ಕಮ್ಮ," ಎಂದು ನಕ್ಕಳು.

ಖಾಲಿ ರಟ್ಟಿನ ಕಡತದ ಮೇಲೆ ಅವಳ ಹೆಸರು, ತಾರೀಖು ಬರೆದು ಇಟ್ಟೆ. ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆಗೆ ಬರುವವರು ಅದನ್ನು ಬಿಚ್ಚಿ ನೋಡಿ ನನ್ನ ಮುಖ ನೋಡುತ್ತಾರೆ.

ಈಗ ಅವಳು ಬುರ್ಗಾಸ್‌ನ ವೃಂದದಲ್ಲಿ ವಯೋಲಾದ ಮೂರನೇ ಕುರ್ಚಿಯಲ್ಲಿದ್ದಾಳೆ. ತಾಲೀಮು ಬೆಳಿಗ್ಗೆ ಹತ್ತಕ್ಕೆ. ಮಧ್ಯಾಹ್ನ ಸಮುದ್ರದ ಕಡೆ ನಡೆದು ಹೋಗುತ್ತಾಳಂತೆ. ಅಪ್ಪ ಲಾರಿಯಲ್ಲಿ ಆ ದಾರಿಗೆ ಬಂದಾಗ ಇಬ್ಬರೂ ದಂಡೆಯ ಮೇಲೆ ಕೂತು ಹುರಿದ ಸಣ್ಣ ಮೀನು ತಿನ್ನುತ್ತಾರೆ, ಹೆಚ್ಚು ಮಾತಾಡುವುದಿಲ್ಲ.