ಸ್ಕ್ಯಾನ್ ಹೋಗೈತಿ

ಯಲಬುರ್ಗಾದ ಸ್ಕ್ಯಾನಿಂಗ್ ಸೆಂಟರಿನ ಆ ಹಳೆಯ ಕಂಪ್ಯೂಟರನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ನಾಲ್ಕೂ ಊರಿನಲ್ಲಿ ಸೆಂಟರ್ ಇಟ್ಟಿದ್ದ ಮಾಲೀಕರ ಬಳಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ನನ್ನದು. ಇಲ್ಲಿ ತೆಗೆದ ಚಿತ್ರಗಳು ಇಂಟರ್ನೆಟ್ಟಿನಲ್ಲಿ ಬಾಡಿಗೆಗೆ ಪಡೆದ ಕ್ಲೌಡ್ ಸಂಗ್ರಹಕ್ಕೆ ಹೋಗುತ್ತವೆ. ಹುಬ್ಬಳ್ಳಿಯಲ್ಲಿ ಕುಳಿತ ವೈದ್ಯರು ಅಲ್ಲಿಂದ ತೆರೆದು ನೋಡಿ ವರದಿ ಬರೆಯುತ್ತಾರೆ. ನಮ್ಮಲ್ಲಿ ಒಂದು ರೂಢಿ ಇತ್ತು. ಕೇಸು ಗಂಭೀರವಾಗಿದ್ದರೆ ಹುಬ್ಬಳ್ಳಿಯಿಂದ ತಕ್ಷಣ ಫೋನ್ ಬರುತ್ತದೆ. ಬರಲಿಲ್ಲವೆಂದರೆ ಅವಸರವೇನಿಲ್ಲ ಎಂದೇ ಎಲ್ಲರೂ ತಿಳಿಯುತ್ತಿದ್ದರು.

ಆ ಕ್ಲೌಡ್ ಕಂಪನಿ ಒಂದು ನೋಟಿಸು ಕಳಿಸಿತು. ಹಳೆಯ ಎನ್‌ಕ್ರಿಪ್ಶನ್ ಪ್ರೋಟೋಕಾಲ್‌ನಲ್ಲಿ ಬರುವ ಸಂಪರ್ಕವನ್ನು ಇನ್ನು ಒಳಗೆ ಬಿಡುವುದಿಲ್ಲ, ಹೊಸದಕ್ಕೆ ಬದಲಾಯಿಸಿಕೊಳ್ಳಿ ಎಂದು. ಸರಿಯಾದ ಮಾತೇ. ಎನ್‌ಕ್ರಿಪ್ಶನ್ ಎಂದರೆ ಚಿತ್ರಕ್ಕೆ ಹಾಕುವ ಬೀಗ; ಹಳೆಯ ಬೀಗವನ್ನು ಯಾರು ಬೇಕಾದರೂ ತೆರೆಯಬಹುದು. ರೋಗಿಯ ತಲೆಯೊಳಗಿನ ಚಿತ್ರ ದಾರಿಯಲ್ಲಿ ಕಂಡವರ ಪಾಲಾಗಬಾರದು. ಮೂರು ಊರುಗಳಲ್ಲಿ ನಾನೇ ಹೋಗಿ ಸರಿಮಾಡಿದೆ. ಯಲಬುರ್ಗಾದ್ದು ಮಾತ್ರ ಹೊಸದನ್ನು ಒಪ್ಪದಷ್ಟು ಮುದಿ. ಬದಲಿಸಲೇಬೇಕು ಎಂದು ಮಾಲೀಕರಿಗೆ ಹೇಳಿ ಹೇಳಿ ಬಾಯಿ ಒಣಗಿತು.

"ನಮ್ಮ ಮಂದಿ ತಲಿ ಫೋಟೋ ಕದ್ದು ಯಾರು ಏನ್ ಮಾಡ್ತಾರೋ ತಮ್ಮಾ?" ಎಂದು ಅವರು ನಕ್ಕರು. ಕಂಪನಿ ಹೇಳಿದ ದಿನ ಬಂತು, ಹಳೆಯ ಸಂಪರ್ಕಕ್ಕೆ ಬಾಗಿಲು ಮುಚ್ಚಿತು.

ಅದೇ ಬೆಳಿಗ್ಗೆ ಮಂಗಳೂರಿನಿಂದ, ಕಡಲ ಮಂಗಳೂರಲ್ಲ, ನಮ್ಮ ಕಡೆಯ ಮಂಗಳೂರಿನಿಂದ, ಕುರಿ ವ್ಯಾಪಾರದ ಒಬ್ಬಾತನನ್ನು ಹೆಂಡತಿ ಕರೆತಂದಿದ್ದಳು. ಬೈಕಿನಿಂದ ಬಿದ್ದಿದ್ದ. ಮಾತಾಡುತ್ತಿದ್ದ, ಚಹಾ ಬೇಕು ಎನ್ನುತ್ತಿದ್ದ. ಪಕ್ಕದ ಆಸ್ಪತ್ರೆಯ ಡಾಕ್ಟರು ತಲೆಯ ಸ್ಕ್ಯಾನ್‌ಗೆ ಕಳಿಸಿದ್ದರು. ಅದು ಮುಗಿದ ಮೇಲೆ ಅವನನ್ನು ಮತ್ತೆ ಆಸ್ಪತ್ರೆಯ ಹಾಸಿಗೆಗೆ ಒಯ್ದರು. ಹೆಂಡತಿ ವರದಿಗಾಗಿ ನಮ್ಮ ಬೆಂಚಿನ ಮೇಲೆ ಕುಳಿತಳು.

ಒಳಗೆ ಆಪರೇಟರ್ ಚಿತ್ರ ಕಳಿಸಲು ಹೆಣಗುತ್ತಿದ್ದ. ಪರದೆಯ ಮೇಲಿನ ಸಂದೇಶ ಅವನಿಗೆ ಅರ್ಥವಾಗಲಿಲ್ಲ. ಇಂಟರ್ನೆಟ್ ಲೈನ್ ಹೋಗಿದೆ, ಬರುತ್ತದೆ ಎಂದುಕೊಂಡ. ಅಷ್ಟರಲ್ಲಿ ಆಸ್ಪತ್ರೆಯ ಡಾಕ್ಟರು ಫೋನ್ ಮಾಡಿ ಸ್ಕ್ಯಾನ್ ಹುಬ್ಬಳ್ಳಿಗೆ ಹೋಯಿತೇ ಎಂದು ಕೇಳಿದರು. ಕೌಂಟರಿನ ಹುಡುಗಿ ಕೂತಲ್ಲಿಂದಲೇ "ಹೋಗೈತೇನ್ರಿ?" ಎಂದು ಕೂಗಿದಳು. ಆಪರೇಟರನ ತಲೆಯಲ್ಲಿದ್ದದ್ದು ಲೈನು.

"ಹೋಗೈತವ್ವಾ, ಹೋಗೈತಿ," ಎಂದ.

ನಮ್ಮ ಕಡೆ ಕರೆಂಟು ಹೋಗುತ್ತದೆ, ಜೀವ ಹೋಗುತ್ತದೆ, ಟಪಾಲೂ ಹೋಗುತ್ತದೆ. ಎಲ್ಲಕ್ಕೂ ಅದೊಂದೇ ಮಾತು. ಹುಡುಗಿ ಅದನ್ನೇ ಫೋನಿನಲ್ಲಿ ಒಪ್ಪಿಸಿದಳು. ಡಾಕ್ಟರು ಹುಬ್ಬಳ್ಳಿಯ ಕರೆಗೆ ಕಾದರು. ಬರಲಿಲ್ಲ. ಹಾಗಾದರೆ ಗಾಬರಿಯಿಲ್ಲ ಎಂದು ಬೇರೆ ರೋಗಿಗಳನ್ನು ನೋಡತೊಡಗಿದರು.

ಮಧ್ಯಾಹ್ನ ಆಪರೇಟರ್ ಕೊಪ್ಪಳದಲ್ಲಿದ್ದ ನನಗೆ ಫೋನ್ ಮಾಡಿ ಆ ಸಂದೇಶವನ್ನು ಅಕ್ಷರ ಅಕ್ಷರ ಓದಿದ. ಲೈನಿಗೆ ಏನೂ ಆಗಿಲ್ಲ, ಆ ಕಂಪ್ಯೂಟರನ್ನು ಕ್ಲೌಡ್ ಕಂಪನಿ ಇನ್ನೆಂದೂ ಒಳಗೆ ಬಿಡುವುದಿಲ್ಲ ಎಂದೆ. ಪರದೆಯಲ್ಲಿನ ಸ್ಕ್ಯಾನ್ ಚಿತ್ರದ ಫೋಟೋ ಮೊಬೈಲಿನಲ್ಲಿ ತೆಗೆದು ಹುಬ್ಬಳ್ಳಿಗೆ ಕಳಿಸಲು ಹೇಳಿದೆ. ಈ ಸಲ ಅಲ್ಲಿಂದ ಫೋನ್ ಕೂಡಲೇ ಬಂತು: ತಲೆಯೊಳಗೆ ರಕ್ತಸ್ರಾವವಾಗಿದೆ, ಈಗಿಂದೀಗಲೇ ದೊಡ್ಡ ಆಸ್ಪತ್ರೆಗೆ ಹೊರಡಿಸಿ. ಅಷ್ಟು ಹೊತ್ತಿಗೆ ಅವನ ಮಾತು ನಿಂತಿತ್ತು. ಆಂಬುಲೆನ್ಸ್ ದಾರಿಯಲ್ಲಿನ ತಳಕಲ್ ಊರು ದಾಟುವ ಮೊದಲೇ ತೀರಿಕೊಂಡ.

ಮುಂದಿನ ವಾರ ಹೊಸ ಕಂಪ್ಯೂಟರ್ ಬಂತು. ಈ ಸಲ ಯಾರೂ ಕೇಳಬೇಕಾಗಲಿಲ್ಲ. ಅದನ್ನು ಜೋಡಿಸುತ್ತ, ಮಾಲೀಕರಿಗೆ ಬೈಯಬೇಕಾದ್ದನ್ನೆಲ್ಲ ಆಪರೇಟರನಿಗೆ ಬೈದೆ.

ಆಗಲೇ ಆ ಹೆಣ್ಣುಮಗಳು ಬಂದಳು. ಗಂಡನ ಸ್ಕ್ಯಾನ್ ಫಿಲ್ಮ್ ಕೊಡಿ, ಮನೆಯಲ್ಲಿರಲಿ ಎಂದಳು. ಕೊಟ್ಟೆ. ಹಿಡಿದುಕೊಂಡು ನಿಂತೇ ಇದ್ದಳು.

"ಅವತ್ತ ಹೋಗೈತಿ ಅಂದ್ರಿ. ಎಲ್ಲಿಗೆ ಹೋಗಿತ್ರಿ ಇದು?"

ಬೀಗ, ಪ್ರೋಟೋಕಾಲು, ನೋಟಿಸು ಎಲ್ಲವೂ ನಾಲಿಗೆಯ ತುದಿಗೆ ಬಂದವು. ಹೇಳಲು ನಾಚಿಕೆಯಾಯಿತು. ಎಲ್ಲಿಗೂ ಹೋಗಿರಲಿಲ್ಲ, ಈ ಗೋಡೆಯ ಆಚೆಗೇ ಇತ್ತು ಎಂದೆ.

ಅವಳು ಒಮ್ಮೆ ಬೆಂಚಿನ ಕಡೆ ನೋಡಿದಳು.

"ನಾನೂ ಇಲ್ಲೇ ಕುಂತಿದ್ದೆನಲ್ರಿ," ಎಂದಳು. "ನನ್ನ ಕೈಯಾಗ ಕೊಟ್ಟಿದ್ರ ನಾನ ಒಯ್ತಿದ್ದೆ."